ಬಾಯಿಗಿಟ್ಟ ಚಮಚ ಮತ್ತೆ ಡಬ್ಬಕ್ಕೆ

ಕಳೆದ ಗುರುವಾರ ಅರಸೀಕೆರೆಯಲ್ಲಿ, ಹಾಲ್ ತುಂಬ ಕೂತಿದ್ದ ಹೆಂಗಸರ ಎದುರಿಗೆ, ಟೈ ಕಟ್ಟಿದ ಮಹಾನುಭಾವರೊಬ್ಬರು ನಮ್ಮ ಸುಮತಿಯ ಗೊಜ್ಜಿನ ಡಬ್ಬಕ್ಕೆ ಚಮಚ ಹಾಕಿದರು. ತೆಗೆದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ ಚೀಪಿದರು. ಆಮೇಲೆ ಅದೇ ಚಮಚವನ್ನು ಅದೇ ಡಬ್ಬಕ್ಕೆ ಇಳಿಸಿ, ಚೆನ್ನಾಗಿ ತಿರುಗಿಸಿ, ಇನ್ನೊಂದು ಸಲ ತೆಗೆದು ತಿಂದರು.

ನಾನು ಕೂತಲ್ಲೇ ‘ಅಯ್ಯೋ’ ಅಂದೆ.

ಇದರಲ್ಲೇನಿದೆ ಅನ್ನುವವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು. ಒಂದು ಚಮಚ ತಾನೇ? ಅದಕ್ಕೊಂದು ಅಂಕಣವೇ? (ನಮ್ಮ ಯಜಮಾನರೂ ಇದನ್ನೇ ಕೇಳಿದರು. ಕೇಳಿ, ನನ್ನ ಮುಖ ನೋಡಿ, ಪೇಪರ್ ಎತ್ತಿ ಅಡ್ಡ ಹಿಡಿದುಕೊಂಡರು.) ಆದರೆ ವಾರ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ. ದೇವರ ಮುಂದೆ ಕೂತರೂ ಆ ಚಮಚವೇ ಕಣ್ಣಿಗೆ ಬರುತ್ತದೆ. ಆದ್ದರಿಂದ ನಿಮಗೆ ಹೇಳಿಯೇ ತೀರಬೇಕು.

ಸುಮತಿ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಹಳೇಬೀಡಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಹುಳಿಯನ್ನದ ಗೊಜ್ಜು ಅವಳ ಕೈಯಲ್ಲಿ ಆದ ಹಾಗೆ ಇನ್ಯಾರ ಕೈಯಲ್ಲೂ ಆಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಸೋಕಿಸುವುದಿಲ್ಲ, ಹಾಗಾಗಿ ಬಸ್ತಿಹಳ್ಳಿಯ ಜೈನರ ಮನೆಯವರೂ ಬಂದು ಒಯ್ಯುತ್ತಾರೆ. ಬಾಣಂತಿ ಮನೆಗೆ, ಶಬರಿಮಲೆಗೆ ಹೋಗುವವರಿಗೆ, ಹಾಸ್ಟೆಲ್ ಮಕ್ಕಳಿಗೆ, ಎಲ್ಲರಿಗೂ ಅವಳದೇ ಗೊಜ್ಜು. ಕೊಟ್ಟು ಕೊಟ್ಟು ಅಭ್ಯಾಸ. ಮಾರಿ ಅಭ್ಯಾಸವಿಲ್ಲ. ಯಾರಾದರೂ "ಎಷ್ಟಾಯ್ತು?" ಅಂದರೆ ಸಾಕು, ನೆಲ ನೋಡುತ್ತಾ "ನೀವು ಕೊಟ್ಟಷ್ಟು" ಅನ್ನುತ್ತಾಳೆ. ಜನ ಎಷ್ಟು ಕೊಡುತ್ತಾರೆ ಅಂತ ನಾನು ಇಲ್ಲಿ ಹೇಳುವುದಿಲ್ಲ. ಅವರೂ ಈ ಪೇಪರ್ ಓದುತ್ತಾರೆ.

ಇಂಥವಳಿಗೆ ಬೇಲೂರಿನಲ್ಲಿ, ದೇವಸ್ಥಾನದ ರಸ್ತೆಯ ಅಂಗಡಿಯೊಂದರಲ್ಲಿ ಜಾಗ ಸಿಕ್ಕಿತ್ತು. ಅಂಗಡಿಯ ರಾಜಣ್ಣ ಯಾರದೋ ಮನೆಯಲ್ಲಿ ಗೊಜ್ಜು ತಿಂದು, "ಕೌಂಟರ್ ಮೇಲೇ ಇಡ್ತೀನಿ, ಪ್ರವಾಸಿಗಳು ಒಯ್ತಾರೆ" ಅಂದಿದ್ದರು. ಗಾಜಿನ ಬಾಟಲಿ ತರಿಸಿದರು. ಲೇಬಲ್ ಕೂಡ ಅಚ್ಚು ಹಾಕಿಸಿದರು. ‘ಸುಮತಿ ಹುಳಿಯನ್ನದ ಗೊಜ್ಜು, ಹಳೇಬೀಡು’. ಅದರ ಫೋಟೋ ಮೊಬೈಲಿಗೆ ಬಂದ ದಿನ ಅವಳು ಒಲೆ ಆರಿಸಿ ನಮ್ಮನೆಗೆ ಓಡಿ ಬಂದಳು.

"ಅಕ್ಕ, ಮದುವೆ ಕಾರ್ಡ್ ಬಿಟ್ರೆ ನನ್ನ ಹೆಸರು ಅಚ್ಚಾಗಿದ್ದು ಇದೇ ಕಣಕ್ಕ" ಅಂದಳು. "ಅದರಲ್ಲೂ ಇವರ ಹೆಸರು ಮೇಲಿತ್ತು."

ಗುರುವಾರ ಸಂಜೆ ಗೊಜ್ಜನ್ನು ಬೇಲೂರಿಗೆ ಮುಟ್ಟಿಸುವುದು, ಅಲ್ಲೇ ಬಾಟಲಿಗೆ ತುಂಬಿ ಲೇಬಲ್ ಅಂಟಿಸುವುದು ಅಂತ ಮಾತಾಗಿತ್ತು. ಶನಿವಾರ ಭಾನುವಾರ ಬೇಲೂರಿನಲ್ಲಿ ಪ್ರವಾಸಿಗಳು ತುಂಬಿರುತ್ತಾರಲ್ಲ, ಅದಕ್ಕೆ.

ಅದೇ ಗುರುವಾರ ಅರಸೀಕೆರೆಯಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಉಚಿತ ತರಬೇತಿ. ‘ಮಾರಾಟದ ಮೊದಲ ಪಾಠಗಳು’. ಊಟವೂ ಇತ್ತು. ನಾನೇ ಸುಮತಿಯನ್ನು ಹೊರಡಿಸಿದೆ. ಬೆಲೆ ಹೇಳಲು ಕಲಿತು ಬರಲಿ ಅಂತ. ಅವಳು ದೊಡ್ಡ ಸ್ಟೀಲ್ ಡಬ್ಬದಲ್ಲಿ ಗೊಜ್ಜು ತುಂಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಜೊತೆಗೇ ತಂದಳು. ವಾಪಸ್ ಬರುವ ಬಸ್ಸು ಹಳೇಬೀಡಿನ ಮೇಲೇ ಬೇಲೂರಿಗೆ ಹೋಗುತ್ತದೆ, ಇಳಿಯದೆ ಹಾಗೇ ಮುಂದೆ ಹೋಗಿಬಿಟ್ಟರಾಯಿತು ಅನ್ನುವ ಲೆಕ್ಕ. ಸಂಘದ ಜಯಕ್ಕನೂ ಬಂದಿದ್ದಳು. ಗೆಂಡೆಹಳ್ಳಿಯವಳು, ತೆಂಗಿನಕಾಯಿ ಮಾರುತ್ತಾಳೆ, ಬಾಯಿಗೆ ಬೀಗವಿಲ್ಲ.

ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದವರು ಕಿವಿಯ ಪಕ್ಕ ಮೈಕು ಸಿಕ್ಕಿಸಿಕೊಂಡು, ಕೂರದೆ, ನಿಲ್ಲದೆ, ಹುಲಿಯ ಹಾಗೆ ಆಚೆ ಈಚೆ ಓಡಾಡುತ್ತಿದ್ದರು. ನ್ಯಾಯವಾಗಿ ಹೇಳಬೇಕು: ಮೊದಲ ಪಾಠ ಚೆನ್ನಾಗಿತ್ತು. "ಬೆಲೆ ಹೇಳುವಾಗ ನೆಲ ನೋಡಬೇಡಿ. ಎದುರಿಗಿರೋರ ಕಣ್ಣು ನೋಡಿ" ಅಂದರು. ಒಬ್ಬೊಬ್ಬರನ್ನೂ ಎಬ್ಬಿಸಿ ಹೇಳಿಸಿದರು. ಸುಮತಿ ಮೊದಲ ಸಲ ನೆಲಕ್ಕೆ ಹೇಳಿದಳು. ಆಮೇಲೆ ಫ್ಯಾನಿಗೆ ಹೇಳಿದಳು. ಕೊನೆಗೆ ಅವರ ಕಣ್ಣು ನೋಡಿಯೇ ಹೇಳಿದಳು. ಚಪ್ಪಾಳೆ ಬಿತ್ತು. ನನಗೂ ಕಣ್ಣು ತೇವವಾಯಿತು. ಅಪ್ಪಾ ಈಶ್ವರ, ಇಷ್ಟು ಸಾಕು ಅಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ಹೆಸರಿನಲ್ಲಿ ಒಂದು ತೆಂಗಿನಕಾಯಿ ಒಡೆಸುತ್ತಿದ್ದೆ.

"ಕಸ್ಟಮರ್ ‘ಬೇಡ’ ಅಂದ್ರೆ ಅದು ‘ಬೇಡ’ ಅಲ್ಲ ಮೇಡಂ. ‘ಇನ್ನೂ ಸ್ವಲ್ಪ ಒತ್ತಾಯ ಮಾಡಿ’ ಅಂತ."

ಹಾಗಂತ ಯಾರು ಹೇಳಿದರು? ನಮ್ಮ ಕಡೆ ಊಟದೆಲೆಯ ಮುಂದೆ ಕೂತವರು ‘ಬೇಡ’ ಅಂದರೆ ಮಾತ್ರ ಇನ್ನೊಂದು ಸೌಟು ಬಡಿಸುತ್ತೇವೆ. ಅದು ನಾವು ಕೊಡುವಾಗ. ಅವರ ಜೇಬಿಗೆ ಕೈ ಹಾಕುವಾಗಲೂ ಅದೇ ನ್ಯಾಯವೇ?

"ಸ್ಟಾಕ್ ಎಷ್ಟೇ ಇರ್ಲಿ, ‘ಇದೇ ಕೊನೇದು’ ಅನ್ನಿ. ಆಗ ಬೇಗ ತಗೋತಾರೆ."

ಜಯಕ್ಕ ಕೈ ಎತ್ತಿದಳು. "ಸಾರ್, ನಾನು ಕಾಯಿ ಮಾರದು. ತಗಳೋರು ತೋಟಕ್ಕೇ ಬತ್ತಾರೆ. ಮರದ ತುಂಬ ನೇತಾಡ್ತಾ ಐತಲ್ಲ ಸಾರ್, ಇದೇ ಕೊನೇ ಕಾಯಿ ಅಂತ ಹೆಂಗನ್ನದು?"

ಹಾಲ್ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ನಕ್ಕು, "ತಲೆ ಎತ್ತಿ ನೋಡದ ಹಾಗೆ ಮಾತಾಡಿ ಮೇಡಂ, ಅದೇ ಆರ್ಟ್" ಅಂದರು.

ಊಟವಾದ ಮೇಲೆ ಅವರ ಕಣ್ಣು ಸುಮತಿಯ ಡಬ್ಬದ ಮೇಲೆ ಬಿತ್ತು. ಮುಂದೆ ಕರೆದರು. ಡಬ್ಬ ಮೇಜಿನ ಮೇಲೆ ಇಡಿಸಿದರು.

"ನಿಮ್ಮ ಪ್ರಾಡಕ್ಟ್ ನೀವು ಟೇಸ್ಟ್ ಮಾಡಿದೀರಾ ಮೇಡಂ?"

"ಈ ಡಬ್ಬದಿಂದ ಇಲ್ಲ ಸರ್."

"ನೀವೇ ತಿನ್ನದೇ ಇರೋದನ್ನ ನಾನು ಯಾಕೆ ತಿನ್ನಲಿ?"

ಮತ್ತೆ ನಗು. ಈ ಸಲ ಸುಮತಿಯ ಮೇಲೆ.

ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಒಲೆಯ ಮೇಲಿರುವುದನ್ನು ಯಾರೂ ನಾಲಿಗೆಗೆ ಹಚ್ಚಿ ನೋಡುವುದಿಲ್ಲ. ಉಪ್ಪು ಸರಿಯಿದೆಯೋ ಇಲ್ಲವೋ ಅನ್ನುವುದು ಕುದಿಯುವ ವಾಸನೆಯಲ್ಲೇ ಗೊತ್ತಾಗುತ್ತದೆ. ಆದಮೇಲೆ ಒಂದು ಪುಟ್ಟ ಬಟ್ಟಲಿಗೆ ತೆಗೆದು ದೇವರ ಮುಂದೆ ಇಟ್ಟು, ಕೈ ಮುಗಿದು, ಆ ಬಟ್ಟಲಿನದನ್ನು ಅಂಗೈಗೆ ಸುರಿದುಕೊಂಡು ರುಚಿ ನೋಡುತ್ತೇವೆ. ಪಾತ್ರೆಯದು ಪಾತ್ರೆಯಲ್ಲೇ ಇರುತ್ತದೆ. ಸುಮತಿ ರುಚಿ ನೋಡಿಯೇ ಇದ್ದಳು. ಬಟ್ಟಲಿನದನ್ನು ನೋಡಿದ್ದಳು. ಇಷ್ಟನ್ನೂ ಅವಳು ಹೇಳಲು ಬಾಯಿ ತೆರೆದಳು. ಅವರು ಬಿಟ್ಟರೆ ತಾನೇ?

"ನೋಡಿ, ಇದನ್ನೇ ಕಾನ್ಫಿಡೆನ್ಸ್ ಇಲ್ಲದಿರೋದು ಅನ್ನೋದು" ಅಂದವರೇ ಮುಚ್ಚಳದ ಬಟ್ಟೆ ಬಿಚ್ಚಿದರು. ಊಟದ ತಟ್ಟೆಯ ಪಕ್ಕದಿಂದ ಒಂದು ಚಮಚ ಎತ್ತಿಕೊಂಡರು. ಮುಂದಿನದು ನಿಮಗೆ ಗೊತ್ತು.

"ಸೂಪರ್ ಮೇಡಂ" ಅಂದರು, ಎರಡನೇ ಸಲ ಚೀಪಿ.

ಸುಮತಿ ಡಬ್ಬವನ್ನೇ ನೋಡುತ್ತಿದ್ದಳು. "ಸರ್, ಬಾಯಿಗಿಟ್ಟ ಚಮಚ ಮತ್ತೆ ಹಾಕಿದ್ರಿ."

"ಹೌದು. ಅದಕ್ಕೇನೀಗ?"

"ಎಂಜಲಾಯ್ತು ಸರ್. ಇದನ್ನ ಸಂಜೆ ಬೇಲೂರಿನ ಅಂಗಡಿಗೆ ಕೊಡಬೇಕಿತ್ತು."

ಮನುಷ್ಯನಿಗೆ ತಪ್ಪಾಗುತ್ತದೆ. ‘ಅಯ್ಯೋ, ಗೊತ್ತಾಗಲಿಲ್ಲಮ್ಮ’ ಅಂದಿದ್ದರೆ ಈ ಅಂಕಣ ಇರುತ್ತಿರಲಿಲ್ಲ. ನಮ್ಮ ಸುಮತಿಯೇ ‘ಪರವಾಗಿಲ್ಲ ಬಿಡಿ ಸರ್’ ಅಂದು ಕಾಫಿ ತಂದುಕೊಡುತ್ತಿದ್ದಳು. ಅವರು ಏನು ಮಾಡಿದರು ಗೊತ್ತೇ? ಚಮಚವನ್ನು ಮೇಲಕ್ಕೆತ್ತಿ ಹಿಡಿದು ನಮ್ಮ ಕಡೆ ತಿರುಗಿದರು.

"ಎಲ್ರೂ ಕೇಳಿಸ್ಕೊಳ್ಳಿ, ಇಲ್ಲೊಂದು ಲೆಸನ್ ಇದೆ. ಇದು ಎಂಜಲು ಅಂತ ಕಸ್ಟಮರ್‌ಗೆ ಹೇಗೆ ಗೊತ್ತಾಗುತ್ತೆ? ಮೇಡಂ ಮುಖದಿಂದ. ಮೇಡಂ ನಗ್ತಾ ಕೊಟ್ರೆ? ಯಾರಿಗೂ ಗೊತ್ತಾಗಲ್ಲ. ನಿಮಗೆ ಗೊತ್ತಿರೋದನ್ನೆಲ್ಲ ಕಸ್ಟಮರ್‌ಗೆ ಹೇಳ್ತಾ ಕೂತ್ರೆ ನೀವು ಜನ್ಮದಲ್ಲಿ ಮಾರಲ್ಲ."

ನನ್ನ ಮುಂದಿನ ಸಾಲಿನ ಹುಡುಗಿ ಅದನ್ನು ಬರೆದುಕೊಂಡಳು. ಅಡಿಗೆರೆ ಬೇರೆ ಎಳೆದಳು.

ನಾನು ಎದ್ದು ನಿಂತೆ. (ನನ್ನನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.) "ಸರ್, ನಿಮ್ಮನೆ ಉಪ್ಪಿನಕಾಯಿ ಜಾಡಿಗೂ ಹೀಗೇ ಚಮಚ ಹಾಕ್ತೀರಾ?"

"ಕ್ವೆಶ್ಚನ್ಸ್ ಲಾಸ್ಟಲ್ಲಿ ತಗೊಳ್ಳೋಣ ಮೇಡಂ."

ಲಾಸ್ಟ್ ಬರಲಿಲ್ಲ. ಗ್ರೂಪ್ ಫೋಟೋಗೆ ಟೈಮ್ ಆಗಿತ್ತು.

ಇಲ್ಲೊಂದು ಮಾತು. ಇದನ್ನು ಮಡಿ ಮೈಲಿಗೆ ಅಂತ ತಳ್ಳಿಹಾಕಬೇಡಿ. ಅವರ ಬಾಯಿ, ನಮ್ಮ ಬಾಯಿ ಅಂತ ಭೇದವಿಲ್ಲ. ನನ್ನ ಬಾಯಿಯ ಚಮಚವಾದರೂ ಅದು ಎಂಜಲೇ. ಗೊಜ್ಜು ಎಣ್ಣೆ ತೇಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದೇ ಒದ್ದೆ ಚಮಚ ಬೀಳದಿದ್ದರೆ. ಒಂದು ತೊಟ್ಟು ಬಾಯಿನೀರು ಸೇರಿದರೆ ಬೂಷ್ಟು ಕಟ್ಟುತ್ತದೆ. ಬಾಟಲಿಯನ್ನು ದುಡ್ಡು ಕೊಟ್ಟು ಒಯ್ಯುವವಳು ಎಲ್ಲೋ ದಾವಣಗೆರೆಯಲ್ಲಿ ಮುಚ್ಚಳ ತೆಗೆದು ನೋಡಿದಾಗ, ಅದರ ಮೇಲೆ ಯಾರ ಹೆಸರಿರುತ್ತದೆ? ಟೈ ಕಟ್ಟಿದವರದ್ದೇ?

ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಫ್ರೀ, ಸೀಟೂ ಸಿಕ್ಕಿತು. ಸಂಜೆ ದೀಪ ಹಚ್ಚಿ ಆ ದಿನದ ಇಂಥ ಸಣ್ಣ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಅವತ್ತು ಬಸ್ಸಿನಲ್ಲೇ ನೆನೆಯಲು ನೋಡಿದೆ. ಸೀಟಿನ ಆಚೆಗೆ ಇನ್ನೇನೂ ಹೊಳೆಯಲಿಲ್ಲ.

ಸುಮತಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಕೂತಳು. ಜಯಕ್ಕ ಹಿಂದಿನ ಸೀಟಿನಿಂದ ಬಗ್ಗಿದಳು.

"ಮೇಲಿಂದ ಎಲ್ಡು ಸೌಟು ತಗದು ಬಿಸಾಕು ಕಣೇ. ಕೆಳಗಿಂದು ಚೆಂದಾಗೈತೆ."

"ತಿರುಗಿಸಿದ್ರಲ್ಲ ಜಯಕ್ಕ."

"ಓ, ಹೌದಲ್ವಾ. ಪಾಯಸ ತಿರುವ್ದಂಗೆ ತಿರುವ್ದ ಕಣೇ ಆ ವಯ್ಯ." ಮತ್ತೆ ಮುಂದಕ್ಕೆ ಬಗ್ಗಿದಳು. "ಅಲ್ಲಾ, ಕೊಟ್ರೆ ಕೊಡು. ಈ ಕಡೆಯೋರಲ್ಲಿ ನೋಡಿರೋರು ನಾವಿಬ್ರೇಯ. ನಾನಂತೂ ಹೇಳಾಕಿಲ್ಲ."

"ನೀನಾ ಜಯಕ್ಕ?" ಅಂದೆ ನಾನು. "ಗೆಂಡೆಹಳ್ಳಿ ಬಸ್ ಸ್ಟ್ಯಾಂಡ್ ತಲುಪೋದ್ರೊಳಗೆ ಊರಿಗೆಲ್ಲ ಗೊತ್ತಾಗಿರುತ್ತೆ."

"ಅದೂ ದಿಟವೇಯ" ಅಂತ ಅವಳೇ ಒಪ್ಪಿಕೊಂಡಳು.

ಸುಮತಿ ನಗಲಿಲ್ಲ. ಹೊಸದು ಮಾಡೋಣವೆಂದರೆ ಸಾಮಾನೆಲ್ಲ ಮತ್ತೆ ಹೊಂದಿಸಿ, ಹುಣಸೆಹಣ್ಣು ನೆನೆಸಿ, ಹಿಂಡಿ, ಕುದಿಸಿ, ಆರಿಸಿ ಮುಗಿಯುವಷ್ಟರಲ್ಲಿ ಶನಿವಾರ ದಾಟಿರುತ್ತದೆ. ಬಿಸಿ ಗೊಜ್ಜನ್ನು ಗಾಜಿಗೆ ತುಂಬುವ ಹಾಗಿಲ್ಲ. ಅಂಗಡಿಯ ಜಾಗ ಅಂದರೆ ಬಸ್ಸಿನ ಸೀಟಿನ ಹಾಗೆ, ಎದ್ದರೆ ಇನ್ನೊಬ್ಬರು ಕೂರುತ್ತಾರೆ. ಇದೆಲ್ಲ ಅವಳಿಗೂ ಗೊತ್ತಿತ್ತು.

"ಹಳೇಬೀಡು, ಹಳೇಬೀಡು. ಇಳಿಯೋರು ಬೇಗ ಇಳೀರಿ."

ನಾನು ಎದ್ದು ಚೀಲ ತೆಗೆದುಕೊಂಡೆ. ಎಂಜಲಾದದ್ದನ್ನು ಇನ್ನು ಬೇಲೂರಿಗೆ ಹೊರುವುದೇಕೆ? ಮನೆಗೆ ಹೋಗಿ, ಕೈಕಾಲು ತೊಳೆದು, ರಾಜಣ್ಣನಿಗೆ ಫೋನ್ ಮಾಡಿದರಾಯಿತು. ಸುಮತಿ ಏಳಲಿಲ್ಲ.

"ಕೂತ್ಕೋ ಅಕ್ಕ. ಬೇಲೂರಿಗೆ ಹೋಗೋಣ."

ಕಂಡಕ್ಟರ್ ನನ್ನ ಮುಖ ನೋಡಿದ. "ಇಳೀತೀರೋ ಇಲ್ವೋ ಅಮ್ಮ? ಒಂದು ಕಡೆ ಆಗಿ." ಕೂತೆ. ಬಸ್ಸು ಹೊರಟಿತು.

ಬೇಲೂರಿಗೆ ಮುಟ್ಟುವವರೆಗೆ ನಾನು ಅವಳನ್ನು ಏನೂ ಕೇಳಲಿಲ್ಲ. ಕೇಳಿದರೆ ಯಾವ ಉತ್ತರ ಬರುತ್ತದೋ ಅನ್ನುವ ಭಯ. ಅವಳ ತುಟಿ ಅಲ್ಲಾಡುತ್ತಿತ್ತು. ಏನೋ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಟೈ ಕಟ್ಟಿದವರ ಪಾಠ ಇವಳಿಗೂ ಹತ್ತಿತೇ? ಆ ಲೇಬಲ್ಲಿನ ಆಸೆ ಎಂಥದ್ದು ಅಂತ ನಾನು ಕಣ್ಣಾರೆ ಕಂಡಿದ್ದೆ. ಅವಳನ್ನು ತಪ್ಪು ಅನ್ನಲೂ ನನಗೆ ಮನಸ್ಸಿರಲಿಲ್ಲ. ಕೇಶವಸ್ವಾಮಿಯ ಗೋಪುರ ಕಂಡಾಗ ಕೈ ಮುಗಿದೆ. ‘ಇವಳ ಕೈಯಲ್ಲಿ ಆ ಕೆಲಸ ಮಾಡಿಸಬೇಡಪ್ಪ’ ಅಂದೆ.

ರಾಜಣ್ಣ ಬಾಟಲಿಗಳನ್ನು ತೊಳೆಸಿ, ಟವೆಲ್ ಹಾಸಿ ಬೋರಲು ಹಾಕಿದ್ದರು. ಕೌಂಟರಿನ ಮುಂಭಾಗ ಖಾಲಿ ಮಾಡಿ ಒರೆಸಿದ್ದರು. ಪಕ್ಕದಲ್ಲಿ ಲೇಬಲ್ಲಿನ ಕಟ್ಟು. ಎಲ್ಲದರ ಮೇಲೂ ಸುಮತಿ, ಸುಮತಿ, ಸುಮತಿ.

"ಬಾಮ್ಮ, ನಿನಗೇ ಕಾಯ್ತಿದ್ದೆ. ಸೌಟು ಕೊಡ್ಲಾ?"

ಸುಮತಿ ಡಬ್ಬವನ್ನು ಕೌಂಟರ್ ಮೇಲಿಟ್ಟಳು. ನೆಲ ನೋಡಲಿಲ್ಲ. ಫ್ಯಾನ್ ನೋಡಲಿಲ್ಲ. ರಾಜಣ್ಣನ ಕಣ್ಣು ನೋಡಿದಳು.

"ಇದು ಎಂಜಲಾಗಿದೆ ರಾಜಣ್ಣ. ಟ್ರೇನಿಂಗ್‌ನಲ್ಲಿ ಒಬ್ಬರು ಬಾಯಿಗಿಟ್ಟ ಚಮಚ ಹಾಕಿ ತಿರುಗಿಸಿದ್ರು. ಇದನ್ನ ತುಂಬಕ್ಕಾಗಲ್ಲ. ಸೋಮವಾರ ಹೊಸದು ತರ್ತೀನಿ."

ರಾಜಣ್ಣ ಸೌಟಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದರು. "ಇದನ್ನ ಹೇಳಕ್ಕೆ ಡಬ್ಬ ಹೊತ್ಕೊಂಡು ಬಂದ್ಯಾ? ಫೋನ್ ಮಾಡಿದ್ರೆ ಆಗ್ತಿತ್ತಲ್ಲಮ್ಮ."

"ಫೋನಲ್ಲಿ ಹೇಳಿದ್ರೆ ಮಾಡೇ ಇಲ್ಲ, ನೆಪ ಹೇಳ್ತಾಳೆ ಅಂದ್ಕೋತಿದ್ರಿ."

"ಅಲ್ಲಮ್ಮ, ಸುಮ್ನೆ ತುಂಬಿಸಿ ಹೋಗಿದ್ರೆ ನನಗೆ ತಿಳೀತಿತ್ತಾ?"

"ತಿಳೀತಿರಲಿಲ್ಲ."

"ಮತ್ತೆ?"

"ಅದರ ಮೇಲೆ ನನ್ನ ಹೆಸರು ಅಂಟಿಸ್ತೀರಲ್ಲ."

ಇಂಥ ಮಾತು ಕೇಳಿದ ಮೇಲೆ ಅಂಗಡಿಯವರು ಕಣ್ಣೊರೆಸಿಕೊಂಡು ‘ಸೋಮವಾರದವರೆಗೂ ಜಾಗ ನಿನ್ನದೇ ತಾಯಿ’ ಅನ್ನಬೇಕು, ಅಲ್ಲವೇ? ಹಾಗೇನೂ ಆಗಲಿಲ್ಲ. ರಾಜಣ್ಣ ವ್ಯಾಪಾರಸ್ಥ. ಶನಿವಾರದ ಹೊತ್ತಿಗೆ ಮುಂಭಾಗ ಖಾಲಿ ಬಿಡಲು ಆಗುವುದಿಲ್ಲ, ಉಪ್ಪಿನಕಾಯಿಯವನೊಬ್ಬ ತಿಂಗಳಿಂದ ಕೇಳುತ್ತಿದ್ದಾನೆ, ಅವನಿಗೆ ಹೇಳುತ್ತೇನೆ ಅಂದರು. ನಮ್ಮ ಎದುರಿಗೇ ಫೋನ್ ಮಾಡಿದರು. ಅವನ ಧ್ವನಿಯ ಸಂತೋಷ ನಮಗೂ ಕೇಳಿಸಿತು.

ಸುಮತಿ ತಲೆಯಾಡಿಸಿದಳು. "ಹಾಗಾದ್ರೆ ಆ ಲೇಬಲ್ ಕೊಟ್ಬಿಡಿ" ಅಂದಳು.

ರಾಜಣ್ಣ ಕಟ್ಟನ್ನು ಎತ್ತಿದರು. ಒಂದು ಕ್ಷಣ ಅದನ್ನೇ ನೋಡಿದರು. ಡ್ರಾಯರ್ ಎಳೆದು ಒಳಗೆ ಹಾಕಿದರು. "ಇಲ್ಲೇ ಇರ್ಲಿ ಬಿಡು" ಅಂದು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಇಷ್ಟೇ. ಅವತ್ತಿನ ಉಪಕಾರಗಳಲ್ಲಿ ನಾನು ಇದನ್ನೂ ಸೇರಿಸಿಕೊಂಡೆ.

ಉಳಿದದ್ದು ಡಬ್ಬ. ಅನ್ನದ ಪದಾರ್ಥ ಚೆಲ್ಲುವುದು ಹೇಗೆ? ಗೆಂಡೆಹಳ್ಳಿಯ ಬಸ್ಸಿಗೆ ಕಾಯುತ್ತಿದ್ದ ಜಯಕ್ಕ ಕೈ ಚಾಚಿದಳು. "ತತ್ತಾ ಇಲ್ಲಿ. ನಮ್ಮನೇಲಿ ನಾವೇ ತಿಂತೀವಿ."

"ಎಂಜಲು ಕಣೇ ಜಯಕ್ಕ."

"ನಂಗೊತ್ತಲ್ಲ. ಗೊತ್ತಿದ್ದು ತಿಂದ್ರೆ ನಂದು. ಗೊತ್ತಿಲ್ದಿರೋರಿಗೆ ತಿನ್ನಿಸಿದ್ರೆ ಪಾಪ." ಡಬ್ಬ ಸೊಂಟಕ್ಕೆ ಏರಿಸಿಕೊಂಡಳು. "ಆ ವಯ್ಯ ಅಷ್ಟು ಚೀಪ್ದ ಅಂದ್ರೆ ಚೆಂದಾಗೇ ಇರ್ಬೇಕು. ಡಬ್ಬ ಬುಧವಾರ ತತ್ತೀನಿ."

ಸುಮತಿ ಆಗ ನಕ್ಕಳು. ಅವತ್ತು ಮೊದಲ ಸಲ.

ಆದರೆ ನನಗೆ ನಗು ಬರಲಿಲ್ಲ, ಈಗಲೂ ಬರುತ್ತಿಲ್ಲ. ಮಾರುವುದು ಕೆಟ್ಟದ್ದು ಅಂತ ನಾನು ಯಾವತ್ತೂ ಅಂದವಳಲ್ಲ. ಹೂವಿನವಳು ಮಾರದಿದ್ದರೆ ನನ್ನ ದೇವರಿಗೆ ಹೂವಿಲ್ಲ. ಹಳೇಬೀಡಿನ ಗೇಟಿನ ಮುಂದೆ ಕಲ್ಲಿನ ಆನೆ ಮಾರುವವರು ಪ್ರವಾಸಿಗಳ ಹಿಂದೆ ಬಸ್ಸಿನ ಬಾಗಿಲವರೆಗೂ ಓಡುತ್ತಾರೆ. ಓಡಲಿ, ಅವರ ಆನೆ ಎಲ್ಲರ ಕಣ್ಣ ಮುಂದೆ ಇರುತ್ತದೆ, ಕಿವಿ ಮುರಿದಿದ್ದರೆ ಕಾಣುತ್ತದೆ. ನನ್ನ ಸಿಟ್ಟು ಕಾಣದ್ದನ್ನು ಕಾಣದ ಹಾಗೇ ದಾಟಿಸಿಬಿಡಿ ಅಂತ ಮೈಕಿನಲ್ಲಿ ಹೇಳಿಕೊಡುವವರ ಮೇಲೆ. ಅದೂ ಯಾರಿಗೆ? ಬೆಲೆ ಹೇಳಲು ನಾಚುವ ಹೆಂಗಸರಿಗೆ. ಜೀವನದಲ್ಲಿ ಮೊದಲ ಸಲ ಏನನ್ನಾದರೂ ಮಾರಲು ಹೊರಟವರಿಗೆ ಮೊದಲ ಪಾಠವೇ ಇದೇ?

ಅಡಿಗೆರೆ ಎಳೆದ ಆ ಹುಡುಗಿ ನೆನಪಾಗುತ್ತಾಳೆ. ಅವಳೂ ಏನೋ ಮಾರುತ್ತಾಳೆ. ಏನು ಅಂತ ಕೇಳಿಕೊಳ್ಳಬೇಕಿತ್ತು. ಈಗ ಅಂಗಡಿಯಲ್ಲಿ ಯಾವ ಬಾಟಲಿ ಎತ್ತಿಕೊಂಡರೂ ಒಂದು ಸಲ ಬೆಳಕಿಗೆ ಹಿಡಿದು ನೋಡುತ್ತೇನೆ. ನೋಡಿದರೆ ಕಾಣುತ್ತದೆಯೇ? ಕಾಣುವುದಿಲ್ಲ. ಅದನ್ನೇ ಅವರು ಕಲಿಸಿದ್ದು.

ಸುಮತಿ ಹೊಸ ಗೊಜ್ಜು ಮಾಡಿದ್ದಾಳೆ. ರಾಜಣ್ಣನ ಫೋನ್ ಇನ್ನೂ ಬಂದಿಲ್ಲ. ಮೊನ್ನೆ ಪಕ್ಕದ ಬೀದಿಯವರು ಬಂದು "ಎಷ್ಟಾಯ್ತು?" ಅಂದಾಗ ಮಾತ್ರ ಅವಳು ಅವರ ಕಣ್ಣು ನೋಡಿ ಬೆಲೆ ಹೇಳಿದಳು. ಅವರು ತಬ್ಬಿಬ್ಬಾಗಿ ಅಷ್ಟೂ ಕೊಟ್ಟರು. ಟೈ ಕಟ್ಟಿದವರಿಗೆ ಈ ಒಂದರ ಋಣ ನನಗಿದೆ, ಇಲ್ಲವೆನ್ನುವುದಿಲ್ಲ.

ನಿನ್ನೆ ಸಂಘದ ವಾಟ್ಸಾಪ್ ಗ್ರೂಪಿಗೆ ತರಬೇತಿಯ ಫೋಟೋಗಳು ಬಂದವು. ಅದರಲ್ಲೊಂದು: ಸುಮತಿಯ ಡಬ್ಬ, ಪಕ್ಕದಲ್ಲಿ ಅವರು, ಬಾಯಲ್ಲಿ ಚಮಚ, ಕಣ್ಣು ಮುಚ್ಚಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಗ್ರಾಹಕರ ನಂಬಿಕೆಯೇ ಮಾರಾಟದ ಮೊದಲ ಪಾಠ’.

ಚೆನ್ನಾಗಿ ಬಂದಿದೆ ಸರ್, ಅದರ ನಂತರದ ಫೋಟೋ ಎಲ್ಲಿ?